ಬಣ್ಣ ಮುಚ್ಚಿದ ಗಾಳದ ಕಣ್ಣು

ಮಡಕಶಿರದ ಕಡೆಯಿಂದ ರಾಯದುರ್ಗದ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದ ವರ್ಷವೇ ನಾದಿನಿ ಹೆರಿಗೆಗೆ ಬಂದಳು. ಕೂಸು ಚೆನ್ನಾಗಿತ್ತು, ಆದರೆ ಅವಳ ಎದೆಯಲ್ಲಿ ಹಾಲಿಲ್ಲ. ಮೇಕೆಹಾಲು ಕುಡಿಸಿದರೆ ಕಕ್ಕುತ್ತಿತ್ತು. ಅಳುವ ದನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಕೊರಮೀನಿನ ಸಾರು ಕುಡಿಸಿದರೆ ಹಾಲು ಇಳಿಯುತ್ತದೆಂದು ಸೂಲಗಿತ್ತಿ ಹೇಳಿ ಹೋಗಿದ್ದಳು.

ಕೆರೆಯಲ್ಲಿ ಕೊರಮೀನು ಇತ್ತು. ಆದರೆ ಮಾರನೆಯ ಬೆಳಿಗ್ಗೆಯೇ ಗುತ್ತಿಗೆಯವರ ಬಲೆ ಬೀಳುವುದಿತ್ತು. ಬಲೆ ನೀರಿಗೆ ಇಳಿಯುವವರೆಗೆ ಊರಿನವರು ಯಾರಾದರೂ ಗಾಳ ಹಾಕಬಹುದು. ಇಳಿದ ಮೇಲೆ ಮೀನೆಲ್ಲ ಅವರದು. ಅದು ಊರಿನ ಕಟ್ಟಳೆ.

ಮಾವ ಕೊಕ್ಕೆಗಳಿಗೆ ಸೀಸ ಎರೆದು ತಲೆ ಕೂರಿಸಿದ್ದರು. ನೀರೊಳಗೆ ಎತ್ತಿ ಇಳಿಸಿದರೆ ಕುಣಿಯುವ ಗಾಳ ಅದು. ಮೀನಿಗೆ ಕಾಣಲೆಂದು ಬಂಡಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದಲ್ಲಿ ಸಂಜೆ ಅದ್ದಿಟ್ಟರು. ಬೆಳಿಗ್ಗೆ ನೋಡಿದರೆ ಹುರಿ ಪೋಣಿಸುವ ಕಣ್ಣುಗಳೆಲ್ಲ ಬಣ್ಣ ತುಂಬಿ ಮುಚ್ಚಿಹೋಗಿವೆ.

"ಏನ್ ಮಾಡೀರಿ ಇದು!" ಎಂದರು ಅತ್ತೆ.

"ಬಂಡಿ ಕಬ್ಬಿಣ ಸುಟ್ರ ಬಣ್ಣ ತಾನಾ ಉದುರತೈತಿ, ಸುಮ್ನಿರು" ಎಂದು ಮಾವ ಗಾಳಗಳನ್ನು ಒಲೆಯ ಕೆಂಡಕ್ಕೆ ಇಟ್ಟೇಬಿಟ್ಟರು. ಸೀಸ ಕರಗಿ ಬೂದಿಯೊಳಗೆ ಹರಿಯಿತು. ಅವರು ಕೈಯಲ್ಲಿ ಇನ್ನೂ ಹಿಡಿದಿದ್ದ ಒಂದೇ ಗಾಳ ಉಳಿಯಿತು.

ಅದನ್ನು ನಾನು ಇಸಿದುಕೊಂಡೆ. ಹೊರಗೆ ಬಲೆಯ ಬಂಡಿಗಳು ಕೆರೆಯ ಕಡೆ ಹೋಗುವ ಸದ್ದು. ಒಳಗೆ ಕೂಸಿನ ದನಿ ಎದ್ದು ನಿಂತುಹೋಯಿತು. ನಿಂತದ್ದೇ ಹೆಚ್ಚು ಹೆದರಿಸಿತು. ಜಾಲಿಮುಳ್ಳಿನಿಂದ ಗಾಳದ ಕಣ್ಣಿನ ನಡುವೆ ಚುಚ್ಚಿ ತಿರುವಿದೆ. ಬಣ್ಣ ಮೇಲಷ್ಟೇ ಒಣಗಿತ್ತು, ಒಳಗೆ ಅಂಟು. ಮುಳ್ಳು ಮುರಿದು ಅಲ್ಲೇ ಕೂತಿತು. ಇನ್ನೊಂದು ಮುಳ್ಳಿನಿಂದ ಅದನ್ನು ದೂಡಿದಾಗ ಬೆಳಕು ಕಂಡಿತು.

"ಆತಲ್ಲ, ಕೊಡು ಇತ್ತ!" ನಮ್ಮನೆಯವರು ಕೈ ಚಾಚಿದರು.

"ತಡೀರಿ, ಇನ್ನೊಂದು ಕಿತ ನೋಡಾನ."

ಹುರಿ ನನ್ನ ತವರಿನ ರೇಷ್ಮೆಯದು. ಗೂಡು ಬಿಚ್ಚುವವರ ಮಗ್ಗುಲಲ್ಲೇ ಬೆಳೆದವಳು ನಾನು. ತೂತಿನ ಅಂಚಿನಲ್ಲಿ ಚೂರು ಗಟ್ಟಿ ಬಣ್ಣ ಉಳಿದರೂ ರೇಷ್ಮೆ ಸವೆದು ಕಡಿಯುತ್ತದೆ. ಸೆರಗಿನಿಂದ ಎಳೆಯೊಂದನ್ನು ಕಿತ್ತು ಕಣ್ಣಿನಲ್ಲಿ ಎಳೆದಾಡಿದೆ. ಅದು ನಾರುನಾರಾಗಿ ಬಂತು. ಮತ್ತೆ ಕೆರೆದೆ, ಸೀಮೆಎಣ್ಣೆ ಹನಿಸಿ ಒರೆಸಿದೆ. ಈ ಸಲ ಎಳೆ ನುಣ್ಣಗೆ ಹಾದುಬಂತು.

ನಾವು ಕೆರೆ ಏರಿ ಹತ್ತಿದಾಗ ಗುತ್ತಿಗೆಯವರು ಬಲೆ ಬಿಚ್ಚುತ್ತಿದ್ದರು.

"ಏನಪಾ, ಅತ್ತಿ ಮನಿ ರೇಷ್ಮಿ ತಂದು ಮೀನಿಗೆ ಸೀರಿ ಉಡಸ್ತೀ ಏನು?" ಎಂದು ಬಲೆಯವನೊಬ್ಬ ನಮ್ಮನೆಯವರನ್ನು ನೋಡಿ ನಗಾಡಿದ. ಅವರ ಹಿರಿಯ, "ಬೇಗ ನೋಡ್ರಿ, ಬಲಿ ನೀರಿಗೆ ಬಿಡ್ತೀವಿ" ಎಂದ.

ಇವರು ಜೊಂಡಿನ ಮಗ್ಗುಲಿಗೆ ಗಾಳ ಎಸೆದು ಎತ್ತಿ ಇಳಿಸಿದರು. ಏನೂ ಇಲ್ಲ. ಅತ್ತ ಗುತ್ತಿಗೆಯವರು ಬಲೆಯ ಒಂದು ತುದಿಯನ್ನು ಹೆಗಲಿಗೇರಿಸಿದರು. ಮತ್ತೆ ಎತ್ತಿ ಇಳಿಸುವಾಗ ಹುರಿ ಬಿಗಿಯಿತು. ಮೀನನ್ನು ನೋಡುವ ಧೈರ್ಯ ನನಗಿರಲಿಲ್ಲ. ಹುರಿಯನ್ನೇ ನೋಡುತ್ತಿದ್ದೆ. ಅದು ಜೊಂಡಿಗೆ ಸುತ್ತಿ, ಬಿಡಿಸಿಕೊಂಡು, ಮತ್ತೆ ಬಿಗಿದು ನೀರು ಚಿಮ್ಮಿಸಿತು. ಕಡಿಯಲಿಲ್ಲ. ಮೊಳದುದ್ದದ ಕೊರಮೀನು ಕೆಸರಿಗೆ ಬಿದ್ದು ಒದ್ದಾಡುತ್ತಿದ್ದಾಗ ಹಿಂದೆ ಬಲೆ ದೊಪ್ಪನೆ ನೀರಿಗೆ ಬಿತ್ತು.

ಸಾರಿನಿಂದಲೋ, ನಾದಿನಿಗೆ ಧೈರ್ಯ ಬಂದದ್ದರಿಂದಲೋ, ಮಾರನೆಯ ಮಧ್ಯಾಹ್ನ ಕೂಸು ಎದೆಗೆ ಬಾಯಿಟ್ಟದ್ದು ಬಿಡಲಿಲ್ಲ. ಗುಟುಕರಿಸುವ ಸದ್ದು ಪಡಸಾಲೆಗೂ ಕೇಳುತ್ತಿತ್ತು. ಅಲ್ಲಿ ಮಾವ ಬೂದಿಯಿಂದ ಆಯ್ದ ಸೀಸವನ್ನು ಮತ್ತೆ ಎರೆದು, ಬಣ್ಣಕ್ಕೆ ಅದ್ದುವ ಮೊದಲೇ, ಪ್ರತಿ ಕಣ್ಣಿಗೂ ಒಂದೊಂದು ಜಾಲಿಮುಳ್ಳು ಸಿಕ್ಕಿಸುತ್ತಿದ್ದರು.