ಹೂಂಗುಟ್ಟದ ಫೋನು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೌಟು ಹಿಡಿದವನು ನಾನು. ಮನೆ ಹೊಸನಗರದಲ್ಲಿ. ಸಾಗರದಿಂದ ತೀರ್ಥಹಳ್ಳಿಯವರೆಗೆ ಮದುವೆ, ಮುಂಜಿ, ಶಾಂತಿ ಯಾವುದಿದ್ದರೂ ಅಡುಗೆಗೆ ನನ್ನನ್ನು ಕರೆಯುತ್ತಾರೆ. ನನ್ನ ಕೈಯ ಊಟ ಕಡಿಮೆ ಬಿತ್ತು ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ, ಹೇಳಿಸಿಕೊಳ್ಳುವವನೂ ನಾನಲ್ಲ.

ಕಷ್ಟ ಇದ್ದದ್ದು ಫೋನಿನದು. ಕೈ ಕಣಕದಲ್ಲಿರುವಾಗಲೇ ಅದು ಹೊಡೆದುಕೊಳ್ಳುತ್ತದೆ. ಗೂಟಕ್ಕೆ ಹಾಕಿದ ಅಂಗಿಯ ಜೇಬಿನಲ್ಲಿ ಕೂಗಿ ಕೂಗಿ ಸುಮ್ಮನಾಗುತ್ತದೆ. ತಮ್ಮನ ಮಗಳು ಸಾಗರದಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಒಂದು ದಿನ ಬಂದು ನನ್ನ ಫೋನು ಇಸಿದುಕೊಂಡಳು.

"ದೊಡ್ಡಪ್ಪ, ಇನ್ಮೇಲೆ ನೀ ಎತ್ತದೇ ಇದ್ರೆ ಎಐ ಎತ್ತತ್ತೆ. ಯಾರು, ಎಂತಕ್ಕೆ ಮಾಡಿದ್ರು ಅಂತ ಕೇಳಿ ನಿಂಗೆ ಬರ್ದು ಕಳಿಸತ್ತೆ."

"ಅದಕ್ಕೆ ನಮ್ಮ ಮಾತು ಬರತ್ತಾ?"

"ನಿಂಗಿಂತ ಮರ್ಯಾದೆಯಾಗೇ ಮಾತಾಡತ್ತೆ."

ಮೇಗರವಳ್ಳಿ ಕಡೆಯ ಒಂದು ಮನೆಗೆ ನಮ್ಮಪ್ಪನ ಕಾಲದಿಂದ ನಾವೇ ಅಡುಗೆ. ಆ ಮನೆಯ ಯಜಮಾನರ ಎಪ್ಪತ್ತರ ಶಾಂತಿ ಶುಕ್ರವಾರಕ್ಕೆ ಗೊತ್ತಾಗಿತ್ತು. ಅದಕ್ಕೆ ಮೊದಲು ನಾನು ಸಾಗರದ ಒಂದು ಮದುವೆಯಲ್ಲಿದ್ದೆ. ಕೆಲಸದ ನಡುವೆ ಫೋನು ನೋಡಿದರೆ ಎಐ ಬರೆದು ಕಳಿಸಿತ್ತು: "ಮೇಗರವಳ್ಳಿಯ ಅಮ್ಮ ಕರೆ ಮಾಡಿದ್ದರು. ನಿಮ್ಮ ಆರೋಗ್ಯ ವಿಚಾರಿಸಿದರು." ಅಮ್ಮ ಎಂದರೆ ಆ ಯಜಮಾನರ ಹೆಂಡತಿ. ಸಂತೋಷ ಎಂದುಕೊಂಡು ಫೋನನ್ನು ಜೇಬಿಗೆ ಹಾಕಿದೆ.

ಮಂಗಳವಾರ ಬೆಲ್ಲ ತರಲು ತೀರ್ಥಹಳ್ಳಿಗೆ ಹೋಗಿದ್ದೆ. ಬಾಳೆ ಎಲೆಯ ವ್ಯಾಪಾರಿ ನನ್ನನ್ನು ನೋಡಿ ಕೇಳಿದ.

"ಭಟ್ರೆ, ನಾಳೆದು ಎಲೆ ನಾನೇ ಮುಟ್ಟಿಸ್ಲಾ, ನಿಮ್ಮ ಗಾಡಿಗೇ ಹಾಕ್ಲಾ?"

"ನಾಳೆ ಎಂತದು?"

"ಎಂತದು ಮಾರಾಯ್ರೆ, ಮೇಗರವಳ್ಳಿ ಶಾಂತಿ."

"ಅದು ಶುಕ್ರವಾರ."

"ಬುಧವಾರ. ಭಟ್ರಿಗೂ ಹೇಳಾಗಿದೆ ಅಂದ್ರು ಅಮ್ಮ. ನಿಮ್ಗೆ ಅಡುಗೆ ಬಿಟ್ಟು ಎಲ್ಲಾ ಮರೆಯಕ್ಕೆ ಶುರುವಾಯ್ತಾ?"

ಹೋಳಿಗೆ ಲಟ್ಟಿಸುವ ನನ್ನ ಜನ ಗುರುವಾರದವರೆಗೆ ಸಾಗರದ ಮದುವೆಮನೆ ಬಿಟ್ಟು ಬರುವ ಹಾಗಿರಲಿಲ್ಲ. ಮಾಸ್ತಿಕಟ್ಟೆಯಿಂದ ಒಬ್ಬನನ್ನು ಹಿಡಿದು ತಂದೆ, ಹೆಂಡತಿಯನ್ನು ಹೊರಡಿಸಿದೆ. ಬುಧವಾರ ಸರಿಯಾದ ಹೊತ್ತಿಗೆ ಎಲೆ ಹಾಕಿದೆವು. ಸಾರು, ಹುಳಿ, ಪಾಯಸ, ಕೇಸರಿಬಾತು ಎಲ್ಲವೂ ಇತ್ತು, ಹೋಳಿಗೆ ಇರಲಿಲ್ಲ. ನಮ್ಮಪ್ಪನ ಕಾಲದಿಂದ ಆ ಮನೆಯ ಶುಭಕಾರ್ಯದಲ್ಲಿ ಹೋಳಿಗೆ ಇಲ್ಲದ ಎಲೆ ಬಿದ್ದಿರಲಿಲ್ಲ.

ಪಂಕ್ತಿ ಎದ್ದ ಮೇಲೆ ಅಮ್ಮ ಅಡುಗೆಮನೆಗೆ ಬಂದರು.

"ಹೋಳಿಗೆ ಎಲ್ಲಿ ಭಟ್ರೆ?"

"ದಿನ ಬದಲಾದದ್ದು ನಂಗೆ ಗೊತ್ತಾದದ್ದೇ ನಿನ್ನೆ ಅಮ್ಮ."

"ನಿಮ್ಮ ಫೋನಿಗೆ ಹೇಳಿದ್ನಲ್ಲ. ಆರಾಮಾ ಅಂತ ಕೇಳ್ದೆ. ಮಂಡಿನೋವು ಹೇಳ್ದೆ, ದನ ಕರು ಹಾಕಿದ್ದು ಹೇಳ್ದೆ. ಆಮೇಲೆ ಪುರೋಹಿತ್ರಿಗೆ ಶುಕ್ರವಾರ ಆಗಲ್ವಂತೆ, ಬುಧವಾರ ಬಂದ್ಬಿಡಿ ಅಂದೆ. ಅದು ಒಂದ್ಸಲನೂ ಹೂಂ ಅನ್ಲಿಲ್ಲ. ಕಡೆಗೆ 'ಭಟ್ಟರು ಆರಾಮಾಗಿದ್ದಾರೆ, ಧನ್ಯವಾದ' ಅಂತು. ಸರಿ, ಮುಟ್ತು ಅಂತ ಇಟ್ಟೆ."

ಅಮ್ಮ ಬಾಗಿಲವರೆಗೆ ಹೋಗಿ ತಿರುಗಿದರು.

"ನಮ್ಮನೆ ದನನೂ ಕರೆದ್ರೆ ಅಂಬಾ ಅನ್ನತ್ತೆ."

ಅವರ ಮೊಮ್ಮಗಳ ಮದುವೆ ಮುಂದಿತ್ತು. ಹೊರಡುವಾಗ ಆ ಮಾತು ಎತ್ತಿದೆ. "ನೋಡಾಣ" ಎಂದರು. ನಮ್ಮ ಕಡೆ ನೋಡಾಣ ಎಂದರೆ ಅರ್ಧ ಬಾಗಿಲು ಹಾಕಿದ ಹಾಗೆ. ಫೋನಿನ ತಪ್ಪು ಎಂದು ನಾನು ಎಷ್ಟು ಹೇಳಿದರೇನು, ಉಂಡವರ ಎಲೆಯಲ್ಲಿ ಫೋನು ಕಾಣುವುದಿಲ್ಲ.

ಸಾಗರಕ್ಕೆ ಹೋಗಿ ತಮ್ಮನ ಮಗಳ ಮುಂದೆ ಫೋನು ಇಟ್ಟೆ. ಅವಳು ತನ್ನ ಕಂಪ್ಯೂಟರಿನಲ್ಲಿ ಆ ಕರೆ ಹುಡುಕಿದಳು. ಅಮ್ಮನ ಮಾತು ಅದರಲ್ಲಿ ಒಂದೇ ಒಂದು ಇತ್ತು: "ಭಟ್ರು ಆರಾಮಾ?" ಮುಂದೆ ಏನೂ ಇರಲಿಲ್ಲ. ಅವಳು ಫೋನಿಗೆಂದು ತಾನು ಬರೆದಿದ್ದ ಪ್ರೋಗ್ರಾಮನ್ನು ತೆರೆದು ನೋಡಿದಳು.

"ಎಐ ಇರೋದು ಎಲ್ಲೋ ದೂರದ ಕಂಪ್ಯೂಟರಲ್ಲಿ ದೊಡ್ಡಪ್ಪ. ನಾನು ಬರ್ದಿದ್ದು ಮೊದಲನೇ ಮಾತು ಕೇಳಿ, ಅಲ್ಲಿಗೆ ಕಳಿಸಿ, ಉತ್ತರ ಬರೋವರೆಗೆ ಅಲ್ಲೇ ನಿಂತುಬಿಡತ್ತೆ. ಅವತ್ತು ಉತ್ತರ ತಡವಾಯ್ತು. ನಿಂತಷ್ಟು ಹೊತ್ತೂ ಅದಕ್ಕೆ ಕಿವಿ ಇಲ್ಲ, ಬಾಯಿ ಇಲ್ಲ. ಇದಕ್ಕೆ ಬ್ಲಾಕ್ ಆಗೋದು ಅಂತೀವಿ."

"ನಿಲ್ಲದೇ ಉತ್ತರ ಹೆಂಗೆ ತರತ್ತೆ?"

"ಪ್ರಶ್ನೆ ಕಳಿಸಿ ಬಿಟ್ಟುಬಿಡಬೇಕು. ಉತ್ತರ ಬಂದಾಗ ಅದೇ ಬಂದೆ ಅನ್ನತ್ತೆ. ಅಲ್ಲೀವರೆಗೆ ಫೋನ್ ಮಾಡಿದವ್ರ ಮಾತು ಕೇಳ್ತಾ ಇರಬೇಕು. ನಾನ್-ಬ್ಲಾಕಿಂಗ್ ಅಂತಾರೆ. ನಂಗೆ ಗೊತ್ತಿತ್ತು. ಒಂದು ಫೋನಿಗೆ ಇಷ್ಟು ಸಾಕು ಅಂದ್ಕೊಂಡೆ. ಎಲ್ಲರೂ ಕೆಲಸದ ಮಾತು ಮೊದಲೇ ಹೇಳ್ತಾರೆ ಅಂತ."

"ನೀನು ಯಾವೂರಲ್ಲಿ ಹುಟ್ಟಿದ್ದು?"

ಅವಳಿಗೆ ನಗು ಬಂತು. ನಮ್ಮ ಕಡೆ ಮಳೆ, ಮಂಡಿ, ದನ ಎಲ್ಲ ಆದ ಮೇಲೆ, ಎದ್ದು ಹೊರಟು ಬೇಲಿಯ ದಣಪೆಯ ಹತ್ತಿರ ಬಂದಾಗ ಬಂದ ಕೆಲಸ ಬಾಯಿಗೆ ಬರುತ್ತದೆ. ಮೊದಲೇ ಹೇಳಿದರೆ ಸಾಲ ಕೇಳಲು ಬಂದವರ ಹಾಗೆ ಆಗುತ್ತದೆ.

ಎರಡು ವಾರ ಕೂತು ಮತ್ತೆ ಬರೆದಳು. ಉತ್ತರ ದೂರದಿಂದ ಬರುತ್ತಿರುವಾಗಲೂ ಈಗ ಅದು ಕೇಳಿಸಿಕೊಳ್ಳುತ್ತದೆ, ನಡುನಡುವೆ ಹೂಂ ಅನ್ನುತ್ತದೆ. ಮಾತು ಮುಂದೆ ಹೋದರೆ ಮೊದಲಿನ ಉತ್ತರವನ್ನು ಬದಿಗಿಟ್ಟು ಹೊಸದನ್ನು ಕೇಳುತ್ತದೆ. ನಾನು ಮೇಗರವಳ್ಳಿಗೆ ಹೋಗಿ ಅಮ್ಮನಿಗೆ ಇಷ್ಟೇ ಹೇಳಿ ಬಂದೆ: "ಫೋನು ರಿಪೇರಿಯಾಗಿದೆ."

ತಿಂಗಳಾದರೂ ಅಲ್ಲಿಂದ ಸುದ್ದಿ ಇರಲಿಲ್ಲ. ಆ ಮದುವೆಗೆ ತೀರ್ಥಹಳ್ಳಿಯ ಬೇರೆ ಅಡುಗೆಯವರನ್ನು ಕೇಳಿದ್ದಾರೆ ಎಂದು ಎಲೆಯವನು ಹೇಳಿದ. ಕೇಳಲಿ ಎಂದೆ. ಎಂದೆ ಅಷ್ಟೆ, ಅವತ್ತು ಊಟ ಸೇರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಕಡಲೆಹಿಟ್ಟಿನಲ್ಲಿ ಕೈ ಇದ್ದಾಗ ಫೋನು ಕೂಗಿತು, ಎಐ ಎತ್ತಿತು. ಕೈ ತೊಳೆದು ಬಂದು, ಅದು ಹಿಡಿದಿಟ್ಟ ಮಾತನ್ನು ಹಾಕಿ ಕೇಳಿದೆ. ಅಮ್ಮನ ದನಿ. ಮಳೆ ಹಿಡಿದದ್ದು. ಹೂಂ. ಮಂಡಿಗೆ ಹೊಸ ಎಣ್ಣೆ. ಹೂಂ. ಕರು ಹಗ್ಗ ಹರಿದದ್ದು. ಹೂಂ, ಹೇಳಿ. ಅಮ್ಮ ಒಂದು ಕ್ಷಣ ನಿಲ್ಲಿಸಿದರು. "ಭಟ್ರು ಆಗಿದ್ರೆ ಇಷ್ಟೊತ್ತಿಗೆ ನಡುವೆ ಬಾಯಿ ಹಾಕ್ತಿದ್ರು. ನೀನೇ ವಾಸಿ" ಎಂದರು. ಮತ್ತೆ ಯಾರದೋ ಬಾಣಂತನದ ಮಾತು.

"ಸರಿ ಹಂಗಾರೆ, ಇಡ್ತೀನಿ" ಎಂದರು.

"ಹೂಂ" ಎಂದಿತು ಅದು. ಆದರೆ ಇಡಲಿಲ್ಲ.

"ಹಾಂ, ಮೊಮ್ಮಗಳ ಮದುವೆ ಹುಣ್ಣಿಮೆ ಕಳೆದ ಭಾನುವಾರ. ಅಡುಗೆ ನಿಮ್ದೇ. ಹೋಳಿಗೆ ಎಲೆಗೆ ಎರಡೆರಡು, ಹಿಂದಿನ ಸಲದ್ದೂ ಸೇರಿ ಅಂತ ಹೇಳು."

ಅದನ್ನು ಒಮ್ಮೆ ಮಾತ್ರ ಕೇಳಿದೆ. ಆಮೇಲೆ ಹೋಳಿಗೆ ಲಟ್ಟಿಸುವವರಿಗೆ ಫೋನು ಮಾಡಿದೆ.