ಬಾಳವ್ವ ಓದಬಲ್ಲ ಲೇಥು

ಮೂಡಲಗಿ ಸಂತೆಯಲ್ಲಿ ಪಾವು ಕಿಲೋ ಬದನೆಕಾಯಿ ಆರಿಸಲು ನನ್ನ ಹೆಂಡತಿ ಅರ್ಧ ಗಂಟೆ ತೆಗೆದುಕೊಳ್ಳುವುದನ್ನು ಇಷ್ಟು ವರ್ಷ ಗೇಲಿ ಮಾಡಿಕೊಂಡು ಬಂದವನು ನಾನು. ಅದಕ್ಕೆ ತಕ್ಕ ಶಾಸ್ತಿಯೆಂಬಂತೆ, ಕಣ್ಣಿಗೆ ಕಾಣದ, ಕೈಗೆ ಸಿಗದ, ಹಿಸುಕಿ ನೋಡಲೂ ಬಾರದ ಒಂದು ತಂತ್ರಾಂಶವನ್ನು ಆರಿಸುವುದಕ್ಕೆ ನನಗೆ ಇಡೀ ಒಂದು ಮಳೆಗಾಲ ಹಿಡಿಯಿತು.

ಗೋಕಾಕದಲ್ಲಿ ನನ್ನದೊಂದು ಚಿಕ್ಕ ವರ್ಕ್‌ಶಾಪ್ ಇದೆ. ಅಲ್ಲಿ ಕಬ್ಬಿಣ ಕಡೆಯುವ ಹಳೆಯ ಲೇಥೊಂದರ ಬೀಡುಕಬ್ಬಿಣದ ಮೈಗೆ ಹೊಸ ಮೋಟಾರುಗಳನ್ನು ಕೂಡಿಸಿ, ಐದು ಬಗೆಯಲ್ಲಿ ಚಲಿಸಬಲ್ಲ ಯಂತ್ರವೊಂದನ್ನು ಎರಡು ವರ್ಷ ಕೂತು ಕಟ್ಟಿದ್ದೆ. ದೇಹ ಸಿದ್ಧವಾಗಿತ್ತು, ಬೇಕಾಗಿದ್ದದ್ದು ಅದನ್ನು ಆಡಿಸುವ ಬುದ್ಧಿ. ಸಂಕೇಶ್ವರದ ಕಡೆಯ ಸಕ್ಕರೆ ಕಾರ್ಖಾನೆಯೊಂದರವರು, ಕಬ್ಬು ನುರಿಸುವ ಹಂಗಾಮು ಶುರುವಾಗುವುದರೊಳಗೆ ಕಾಕಂಬಿ ಎತ್ತುವ ಪಂಪಿಗೆ ತಿರುಪಿನಾಕಾರದ ಷಾಫ್ಟ್ ಬೇಕೆಂದಿದ್ದರು. ಆಯ್ಕೆ ತಪ್ಪಿದರೆ ಷಾಫ್ಟಷ್ಟೇ ಅಲ್ಲ, ಯಂತ್ರವೇ ಒಂದು ಕ್ಷಣದಲ್ಲಿ ಮುರಿದುಬೀಳುತ್ತಿತ್ತು.

ಮುಂದಿದ್ದವು ಎರಡು ದಾರಿ. ಒಂದು, ತಂತ್ರಾಂಶ ತುಂಬಿಯೇ ಬರುವ ಕಂಪನಿಯ ಸಿದ್ಧ ಪೆಟ್ಟಿಗೆ: ಬಲ್ಲವರು ಮಾಡಿದ್ದು, ಆದರೆ ಒಳಗೆ ಇಣುಕುವಂತಿಲ್ಲ. ಇನ್ನೊಂದು, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಮುಕ್ತ ತಂತ್ರಾಂಶ: ಕೆಟ್ಟರೆ ನಾವೇ ಹೊಣೆ. ಹೊಣೆಯೆಂದರೆ ಹಿಂಜರಿಯುವ ನಾನು ಪೆಟ್ಟಿಗೆಯತ್ತ ವಾಲಿದ್ದೆ.

ಅದನ್ನು ತೋರಿಸಲು ಕೊಲ್ಹಾಪುರದಿಂದ ಪ್ರತಿನಿಧಿ ಬಂದ ದಿನ ಬಾಳವ್ವ ಪಕ್ಕದಲ್ಲಿ ನಿಂತಿದ್ದರು. ಮೇಲವಂಕಿಯ ಕುರಿಗಾರರ ಮನೆತನದವರು. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ, ನನ್ನಲ್ಲಿ ಹದಿನಾಲ್ಕು ವರ್ಷ ಲೇಥು ನಡೆಸಿದವರು. ಹೊಸ ಯಂತ್ರದ ಮುಂದೆ ನಿಲ್ಲಬೇಕಾದವರೂ ಅವರೇ. ಪರದೆಯ ಮೇಲೆ ಕೆಂಪು ಬಣ್ಣದ ಇಂಗ್ಲಿಷ್ ಸಾಲೊಂದು ಮಿನುಗಿತು.

"ಏನ ಅಂತೈತ್ರಿ ಇದು?" ಬಾಳವ್ವ ಕೇಳಿದರು.

"ಅದನ್ನ ಓದೂದು ಬ್ಯಾಡ್ರಿ. ನಂಬರ್ ನೋಡಿ ನಮಗ ಫೋನ್ ಮಾಡ್ರಿ," ಎಂದ ಪ್ರತಿನಿಧಿ.

"ಕೊರಿಯೂ ಹತ್ಯಾರ ಬಂದು ತುಂಡ ಹಿಡಿಯೂ ಚಕ್ಕಿಗೆ ಬಡಿಯಾಕತ್ತಾಗ ಫೋನ್ ಹುಡುಕ್ಲೋ, ಮಷೀನ್ ನಿಂದರಸ್ಲೋ?"

ಪ್ರತಿನಿಧಿ ನಕ್ಕ. ನನಗೆ ನಗು ಬರಲಿಲ್ಲ.

ಮರುದಿನವೇ ಮುಕ್ತ ತಂತ್ರಾಂಶವನ್ನು ಹಾಕಿಕೊಂಡು, ಅದರ ಎಚ್ಚರಿಕೆಯ ಮಾತುಗಳನ್ನು ಕನ್ನಡಕ್ಕೆ ತರಲು ಕೂತೆ. ನನ್ನ ಪಾಂಡಿತ್ಯಕ್ಕೆ ಬಹುಕಾಲದಿಂದ ಕೆಲಸವಿರಲಿಲ್ಲ. 'ಅಕ್ಷಸೀಮೋಲ್ಲಂಘನೆ ಸಂಭವಿಸಿದೆ' ಎಂದು ಬರೆದು, ಹಿಗ್ಗಿ, ಬಾಳವ್ವನವರನ್ನು ಕರೆದೆ.

"ಸರ, ಇದಕಿಂತ ಇಂಗ್ಲಿಷ್ ಪಾಡ ಇತ್ತು ನೋಡ್ರಿ."

ಸಂಧಿ ಕೂಡಿಸಲು ಹೋಗಿ ನಾನೇ ಸಂದಿಯಲ್ಲಿ ಸಿಕ್ಕಿಕೊಂಡಿದ್ದೆ. ಆಮೇಲೆ ಅವರು ಹೇಳಿದರು, ನಾನು ಬರೆದುಕೊಂಡೆ: 'ಮುಂದ ಜಾಗಾ ಇಲ್ಲ.' ಮೂರು ದಿನ ಹೀಗೇ ನಡೆಯಿತು.

ಪರೀಕ್ಷೆಯ ದಿನ ನಾನು ನೇರವಾಗಿ ಉಕ್ಕಿಗೇ ಕೈ ಹಾಕಿದೆ. "ಮೊದಲ ಕಟ್ಟಿಗಿ ಹಾಕೂನ್ರಿ," ಎಂದು ಬಾಳವ್ವ ಬೇವಿನ ತುಂಡೊಂದನ್ನು ತಂದರು. ಅಸಹನೆಯಿಂದಲೇ ಒಪ್ಪಿದೆ. ಯಂತ್ರ ಸೊಗಸಾಗಿ ಹೊರಟಿತು. ಎಡಕ್ಕೆ ವಾಲಬೇಕಾದ ಹತ್ಯಾರ ಬಲಕ್ಕೆ ವಾಲಿ ತುಂಡಿನೊಳಗೆ ನುಗ್ಗಿತು. ಬೇವು ಸೀಳುವಷ್ಟರಲ್ಲಿ ಬಾಳವ್ವ ಕೆಂಪು ಗುಂಡಿ ಒತ್ತಿಯಾಗಿತ್ತು. ಉಕ್ಕಾಗಿದ್ದರೆ ಯಂತ್ರ ಉಳಿಯುತ್ತಿರಲಿಲ್ಲ.

ಹುಡುಕಿದರೆ ತಪ್ಪು ತಂತ್ರಾಂಶದ್ದಲ್ಲ, ನನ್ನದು. ಹತ್ಯಾರ ವಾಲುವ ದಿಕ್ಕಿಗೆ ಮೈನಸ್ ಇರಬೇಕಾದಲ್ಲಿ ಪ್ಲಸ್ ಕೊಟ್ಟಿದ್ದೆ. ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಕಂಪನಿಯನ್ನು ಬೈದು ಹಗುರಾಗಬಹುದಿತ್ತು. ಬಿಚ್ಚಿಟ್ಟದ್ದರ ತೊಂದರೆಯೆಂದರೆ, ಓದುಗ ಮಿತ್ರರೇ, ಅದರೊಳಗೆ ನಮ್ಮ ಮುಖವೂ ಕಾಣುತ್ತದೆ. ನಾಚಿಕೆಯಾಯಿತು, ಆದರೆ ಆಯ್ಕೆ ಸರಿಯೆಂಬ ಧೈರ್ಯ ಬಂದದ್ದೂ ಆ ಗಳಿಗೆಯಲ್ಲೇ. ತಪ್ಪು ಕಂಡರೆ ತಿದ್ದಬಹುದಲ್ಲ!

ಎರಡನೆಯ ತುಂಡು ಸರಿಯಾಗಿ ಬಂತು. ಆಮೇಲೆ ಉಕ್ಕು. ಹಂಗಾಮಿಗೆ ನಾಲ್ಕು ದಿನ ಮೊದಲೇ ಕಾರ್ಖಾನೆಯ ಹಿರಿಯ ಫಿಟ್ಟರ್ ಬಂದು, ಷಾಫ್ಟನ್ನು ಅಳೆದು, ತಿರುಪಿನ ಅಂಚಿನ ಮೇಲೆ ಉಗುರಾಡಿಸಿ, ತಲೆದೂಗಿದರು.

"ಇದರ ಸಾಫ್ಟ್‌ವೇರ್ ಯಾವ ಕಂಪನೀದ್ರಿ?"

ಮುಕ್ತ ತಂತ್ರಾಂಶದ ತತ್ತ್ವ, ಚರಿತ್ರೆ, ಮಹಿಮೆಗಳ ಕುರಿತ ಉಪನ್ಯಾಸಕ್ಕೆ ನಾನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬಾಳವ್ವ, ಕೈಯ ಎಣ್ಣೆ ಒರೆಸಿಕೊಳ್ಳುತ್ತ, ತಲೆಯೆತ್ತದೆಯೇ ಹೇಳಿದರು:

"ನಮ್ಮದ್ರಿ."