ಅಮ್ಮನಿಗೆ ಕಟ್ಟಿದ ಶ್ರುತಿಪೆಟ್ಟಿಗೆ

ಗಂಟಲಿನ ಗಡ್ಡೆ ತೆಗೆದ ಮೇಲೆ ಅಮ್ಮನ ಸ್ವರ ಕೆಳಗೆ ಇಳಿದುಬಿಟ್ಟಿತು. ಮಾತಿಗೆ ತೊಂದರೆಯಾಗಲಿಲ್ಲ. ಕಾಪು ಪೇಟೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಕುಳಿತು ಮೊದಲಿನ ಹಾಗೆಯೇ ಗಿರಾಕಿಗಳನ್ನು ಕರೆಯುತ್ತಿದ್ದಳು. ಹೋದದ್ದು ಮೇಲಿನ ಸ್ವರ ಮಾತ್ರ. ಹೀಗೂ ಆಗಬಹುದು ಎಂದು ಮಣಿಪಾಲದ ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಅಮ್ಮ ಆಗ, "ಜೀವ ಉಳಿದ್ರೆ ಸಾಕು, ಸ್ವರ ಕಟ್ಟಿಕೊಂಡು ಎಂತ ಮಾಡ್ಲಿಕ್ಕುಂಟು?" ಎಂದು ನಕ್ಕಿದ್ದಳು.

ಮಾಡಲಿಕ್ಕೆ ಇತ್ತು. ಉಚ್ಚಿಲದಲ್ಲಿ ನಮ್ಮ ಮನೆಯಿಂದ ಕಡಲಿನ ಕಡೆಗೆ ನಡೆದರೆ ಒಂದು ಭಜನಾ ಮಂದಿರ ಸಿಗುತ್ತದೆ. ಶುಕ್ರವಾರ ಸಂಜೆ ಅಲ್ಲಿ ಹೆಂಗಸರ ಭಜನೆ. ಒಬ್ಬರು ಒಂದು ಸಾಲು ಹೇಳಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ನನಗೆ ಬುದ್ಧಿ ಬಂದಾಗಿನಿಂದ ಆ ಮೊದಲ ಸಾಲು ಅಮ್ಮನದು. ಓದು ಬಾರದವಳು, ಎಲ್ಲವನ್ನೂ ಕೇಳಿಯೇ ಕಲಿತವಳು. ವಾರವಿಡೀ ಮೀನು ಮಾರುವವಳು ಶುಕ್ರವಾರ ಸ್ನಾನ ಮಾಡಿ, ಮಲ್ಲಿಗೆ ಮುಡಿದು ಅಲ್ಲಿ ಕುಳಿತರೆ ಅವಳೇ ಯಜಮಾನ್ತಿ.

ಆಪರೇಷನ್ ಆದ ಮೇಲೆ ಒಮ್ಮೆ ಹೋದಳು. ಹಾಡು ಮೇಲೇರುವಲ್ಲಿ ಗಂಟಲು ಒಡೆದು, ಸ್ವರದ ಬದಲು ಬರೀ ಗಾಳಿ ಬಂತು. ಮುಂದಿನ ಶುಕ್ರವಾರ ಅವಳಿಗೆ ಸೊಂಟ ನೋವು. ಅದರ ಮುಂದಿನ ವಾರವೂ ಸೊಂಟ ನೋವು. ಆ ಸೊಂಟದಲ್ಲೇ ಬೆಳಿಗ್ಗೆ ಬುಟ್ಟಿ ಹೊತ್ತು ಬಸ್ಸು ಹತ್ತುತ್ತಿದ್ದಳು.

ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಅದು ಸುಮ್ಮನೆ ಬಂದದ್ದಲ್ಲ. ಕಾರ್ಕಳದ ಕಡೆಯ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗಿ ಇಲೆಕ್ಟ್ರಾನಿಕ್ಸ್ ಓದಿದೆ. ಅಮ್ಮನ ಬುಟ್ಟಿ ಇಳಿಸಿ ಅದೇ ಬಟ್ಟೆಯಲ್ಲಿ ಓಡಿದ ದಿನ ಪಕ್ಕದವರು ಮೂಗು ಮುಚ್ಚಿಕೊಂಡದ್ದೂ ಉಂಟು. ಈಗ ಮಣಿಪಾಲದ ಒಂದು ಲ್ಯಾಬಿನಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ. ರಜೆಯಲ್ಲಿ ಮನೆಯ ಹಿಂದಿನ ಚಾವಡಿಯಲ್ಲಿ ಕುಳಿತು ಸಂಗೀತದ ಯಂತ್ರಗಳನ್ನು ಕಟ್ಟುತ್ತೇನೆ. ಕೆಟ್ಟ ರೇಡಿಯೊ, ಮಕ್ಕಳ ಆಟಿಕೆ ಕೀಬೋರ್ಡು, ಉಡುಪಿಯ ಅಂಗಡಿಯಿಂದ ತಂದ ಐಸಿ ಚಿಪ್ಪು, ರೆಸಿಸ್ಟರ್, ಇವೇ ಸಾಮಾನು. ಒಂದು ಚೆಂಡೆಯ ಹಾಗೆ ಬಡಿಯುತ್ತದೆ, ಇನ್ನೊಂದು ಕೈ ಹತ್ತಿರ ತಂದರೆ ಕೂಗುತ್ತದೆ. ಅಮ್ಮ ಎಲ್ಲಕ್ಕೂ ಇಟ್ಟ ಹೆಸರು ಒಂದೇ, ಗುಂಯ್ ಪೆಟ್ಟಿಗೆ.

ಅವಳಿಗೆ ಬೇಕಾದದ್ದು ಕೆಳಗಿನ ಶ್ರುತಿ, ಅಷ್ಟೇ ಎಂದು ನಾನು ತಿಳಿದೆ. ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವ ದೊಡ್ಡಮ್ಮನನ್ನು, ಸ್ವಲ್ಪ ಕೆಳಗಿನಿಂದ ನುಡಿಸಬಹುದಾ ಎಂದು ಕೇಳಿದೆ. ನಮ್ಮ ಸಂಬಂಧವೇನಲ್ಲ, ಊರಿಗೇ ದೊಡ್ಡಮ್ಮ. ಅವರು ಕಲಿತದ್ದು ಬಿಳಿ ಐದರಲ್ಲಿ ಮಾತ್ರ, ಹಾರ್ಮೋನಿಯಂನ ಐದನೆಯ ಬಿಳಿ ಮನೆಯನ್ನು ಷಡ್ಜ ಮಾಡಿಕೊಂಡು.

"ನನಗೆ ಆ ಮನೆ ಮಾತ್ರ ಗೊತ್ತಿರೋದು ಮಗಾ. ಈ ಪ್ರಾಯದಲ್ಲಿ ಬೇರೆ ಮನೆಗೆ ಹೋದ್ರೆ ಊರಿನವರು ಎಂತ ಹೇಳಿಯಾರು?" ಎಂದು ತಾವೇ ನಕ್ಕರು.

ಹಾಗಾದರೆ ಶ್ರುತಿಪೆಟ್ಟಿಗೆಯನ್ನು ನಾನೇ ಕಟ್ಟುತ್ತೇನೆ ಎಂದು ಹೊರಟೆ. ಫೋನಿನಲ್ಲೂ ಶ್ರುತಿ ಸಿಗುತ್ತದೆ, ಗೊತ್ತು. ಆದರೆ ಅಮ್ಮನ ಒದ್ದೆ ಬೆರಳಿಗೆ ಫೋನು ಬಗ್ಗುವುದಿಲ್ಲ. ಅವಳು ತಾನೇ ತಿರುಗಿಸಿ, ತನ್ನ ಗಂಟಲಿಗೆ ಸರಿಯಾದ ಜಾಗವನ್ನು ಕಿವಿಯಿಂದಲೇ ಹುಡುಕಬೇಕು. ಅದಕ್ಕೆ ಒಂದು ದೊಡ್ಡ ನಾಬ್ ಬೇಕಿತ್ತು.

ಮೊದಲನೆಯದು ಕೆಟ್ಟಿತು. ಷಡ್ಜಕ್ಕೊಂದು, ಪಂಚಮಕ್ಕೊಂದು ಬೇರೆ ಬೇರೆ ಸರ್ಕ್ಯೂಟ್ ಮಾಡಿದ್ದೆ. ಕಡಲಿನ ಉಪ್ಪುಗಾಳಿಗೂ ಮಧ್ಯಾಹ್ನದ ಸೆಕೆಗೂ ಎರಡೂ ತಮ್ಮ ತಮ್ಮ ದಾರಿ ಹಿಡಿದವು. ಅಮ್ಮ ಒಳಗಿನಿಂದಲೇ ಕೂಗಿದಳು, "ಎಂತ ಮಾರಾಯ್ತಿ ಅದು? ಅತ್ತೆ ಸೊಸೆ ಜಗಳ ಆಡಿದ ಹಾಗೆ ಕೇಳ್ತದೆ!"

ಎರಡನೆಯದರಲ್ಲಿ ಒಂದೇ ಸರ್ಕ್ಯೂಟಿನ ವೇಗದ ಮಿಡಿತ ಇಟ್ಟೆ. ಅದನ್ನು ಆರರಿಂದ ಭಾಗಿಸಿದರೆ ಷಡ್ಜ, ನಾಲ್ಕರಿಂದ ಭಾಗಿಸಿದರೆ ಪಂಚಮ, ಮೂರರಿಂದ ಭಾಗಿಸಿದರೆ ಮೇಲಿನ ಷಡ್ಜ. ಮೂಲ ಒಂದೇ ಆದ್ದರಿಂದ ನಾಬ್ ತಿರುಗಿಸಿದರೆ ಮೂರೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ, ಜಗಳವಿಲ್ಲ. ಕರ್ಕಶವಾಗಿದ್ದ ಸದ್ದನ್ನು ಫಿಲ್ಟರ್ ಹಾಕಿ ಮೆದು ಮಾಡಿದೆ. ಎಲ್ಲವನ್ನೂ ಒಂದು ಮರದ ಪೆಟ್ಟಿಗೆಯೊಳಗೆ ಕೂರಿಸಿ ಅಮ್ಮನ ಮುಂದಿಟ್ಟೆ.

"ಇದರ ಕಿವಿ ಹಿಂಡಬೇಕಾ?" ಎಂದು ನಾಬನ್ನು ಮುಟ್ಟಿದಳು.

"ಹೌದು. ನಿನಗೆ ಸುಖ ಆಗುವವರೆಗೆ."

ಅವಳು ಹಿಂಡಿದಳು. ಸ್ವರ ಇಳಿಯಿತು. ಬಾಯಿ ಮುಚ್ಚಿ ಗುನುಗಿದಳು, ತಲೆ ಅಲ್ಲಾಡಿಸಿದಳು, ಇನ್ನೂ ಇಳಿಸಿದಳು. ಒಂದು ಜಾಗದಲ್ಲಿ ಕೈ ನಿಂತಿತು. ಬಾಯಿ ತೆರೆದು ಹಾಡತೊಡಗಿದಳು. ಮೇಲಿನ ಸಾಲಿಗೆ ಹೋಗಿ ಒಡೆಯದೆ ತಿರುಗಿ ಬಂದಳು. ನಾನು ಅಳೆದು ನೋಡಿದೆ, ಬಿಳಿ ಎರಡರ ಹತ್ತಿರ, ದೊಡ್ಡಮ್ಮನದಕ್ಕಿಂತ ಮೂರು ಬಿಳಿ ಮನೆ ಕೆಳಗೆ.

"ಇದು ಗಂಡಸರ ಶ್ರುತಿ ಅಲ್ವಾ?" ಎಂದಳು.

"ಶ್ರುತಿಗೆ ಗಂಡು ಹೆಣ್ಣು ಇಲ್ಲ ಅಮ್ಮ."

"ನಿನ್ನ ಕಾಲೇಜಿನಲ್ಲಿ ಇರ್ಲಿಕ್ಕಿಲ್ಲ," ಎಂದಳು. ಆದರೆ ಕೈ ಪೆಟ್ಟಿಗೆಯ ಮೇಲೆಯೇ ಇತ್ತು. ಆ ವಾರವಿಡೀ ಮೀನು ಕೊಯ್ಯುವಾಗಲೂ ಪಕ್ಕದಲ್ಲಿ ಅದು ಗುಂಯ್ ಎನ್ನುತ್ತಿತ್ತು. ನನಗೆ ಡಿಗ್ರಿ ಕೈಗೆ ಬಂದ ದಿನ ಆದಷ್ಟೇ ಹೆಮ್ಮೆ.

ಶುಕ್ರವಾರ ಅವಳಿಗೆ ಸೊಂಟ ನೋವಿರಲಿಲ್ಲ. ಮಂದಿರದಲ್ಲಿ ದೊಡ್ಡಮ್ಮ ಹಾರ್ಮೋನಿಯಂ ಬದಿಗೆ ಸರಿಸಿ ತಾಳ ಎತ್ತಿಕೊಂಡರು. ಅಮ್ಮ ಪೆಟ್ಟಿಗೆಯ ಕಿವಿಯನ್ನು ತನ್ನ ಜಾಗಕ್ಕೆ ತಂದು ನಿಲ್ಲಿಸಿ, ಕಣ್ಣು ಮುಚ್ಚಿ ಮೊದಲ ಸಾಲು ಹೇಳಿದಳು. ಮೊದಲಿನ ಸ್ವರ ಅಲ್ಲ. ದಪ್ಪಗೆ, ಸ್ವಲ್ಪ ಒರಟಾಗಿ, ಆದರೆ ಸ್ಥಿರವಾಗಿತ್ತು. ಆಮೇಲೆ ಉಳಿದವರು ತಿರುಗಿ ಹೇಳಬೇಕು.

ಅವರಿಗೆ ಆಗಲಿಲ್ಲ. ಅಷ್ಟು ಕೆಳಗೆ ಅವರ ಗಂಟಲು ಇಳಿಯಲಿಲ್ಲ. ಕೆಲವರು ಬಾಯೊಳಗೇ ಗೊಣಗಿದರು. ಇಬ್ಬರು ಮೇಲಕ್ಕೆ ಹಾರಿ ಕೀರಲು ಸ್ವರದಲ್ಲಿ ಹಿಡಿದರು, ಅಲ್ಲಿಯೂ ನಿಲ್ಲಲಾಗದೆ ಬಿಟ್ಟರು. ಯಾರೋ ಕಿಸಕ್ಕೆಂದರು, ದೊಡ್ಡಮ್ಮ ಅತ್ತ ಕಣ್ಣು ದೊಡ್ಡದು ಮಾಡಿದರು. ಎರಡನೆಯ ಸಾಲಿಗೆ ತಿರುಗಿ ಹೇಳುವವರು ನಾಲ್ಕೈದು ಮಂದಿ, ಕೊನೆಗೆ ಯಾರೂ ಇಲ್ಲ. ಪೆಟ್ಟಿಗೆ ಮಾತ್ರ ತಪ್ಪದೆ ನುಡಿಯುತ್ತಿತ್ತು. ಅಮ್ಮ ನಿಲ್ಲಿಸಲಿಲ್ಲ. ಪ್ರತಿ ಸಾಲನ್ನೂ ಎರಡೆರಡು ಸಲ, ಒಮ್ಮೆ ತನ್ನದಾಗಿ, ಒಮ್ಮೆ ಅವರದಾಗಿ ತಾನೇ ಹೇಳಿ ಹಾಡು ಮುಗಿಸಿದಳು.

"ಚೆಂದ ಆಯ್ತಕ್ಕ," ಎಂದಳು ನೆರೆಮನೆಯ ಸೊಸೆ. ಅಮ್ಮ ಇಲ್ಲದ ವಾರಗಳಲ್ಲಿ ಮೊದಲ ಸಾಲು ಹೇಳುತ್ತಿದ್ದವಳು ಅವಳೇ. ಅಮ್ಮ ಪೆಟ್ಟಿಗೆಯ ಕಿವಿಯನ್ನು ಮೇಲಕ್ಕೆ, ಬಿಳಿ ಐದರವರೆಗೆ ತಿರುಗಿಸಿ ಅವಳ ಮುಂದೆ ತಳ್ಳಿದಳು. "ಇನ್ನು ನೀನು ಹೇಳು."

ಯಂತ್ರ ಅಮ್ಮನಿದ್ದಲ್ಲಿಗೆ ಇಳಿದು ಬಂದರೆ ಸಾಕು ಎಂದು ನಾನು ಲೆಕ್ಕ ಹಾಕಿದ್ದೆ. ಅವಳ ಜೊತೆ ಇಪ್ಪತ್ತು ಗಂಟಲುಗಳೂ ಇಳಿಯಬೇಕಿತ್ತು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ ಅಮ್ಮ ಚಾವಡಿಗೆ ಬಂದು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟಳು.

"ಇದು ಮಂದಿರಕ್ಕೆ ಬೇಕಂತೆ. ಹಾರ್ಮೋನಿಯಂ ಗಾಳಿ ನಿಲ್ಲುವುದಿಲ್ಲ, ಇದು ಗಟ್ಟಿ ಉಂಟು ಅಂತಾರೆ. ಕೊಡುವ. ಆದ್ರೆ ಈ ಕಿವಿ ತೆಗೆದುಬಿಡು. ಬಿಳಿ ಐದರಲ್ಲೇ ನಿಲ್ಲಲಿ."

"ಯಾಕಮ್ಮ? ಇರಲಿ. ನಿನಗೆ ಒಂದು ಹಾಡು..."

"ಅದಕ್ಕೇ ಹೇಳಿದ್ದು. ಇದ್ರೆ ಪ್ರತಿ ವಾರ ಯಾರಾದರೂ ಕೇಳ್ತಾರೆ, ಅಕ್ಕ ನಿಮಗೆ ಸ್ವಲ್ಪ ಇಳಿಸುವುದಾ ಅಂತ." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಕೇಳಿದ್ರೆ ನಾನು ಹ್ಞೂಂ ಅಂತೇನೆ ಮಗಾ. ನನ್ನ ಆಸೆ ನನಗೆ ಗೊತ್ತುಂಟು."

ನಾನು ವಾದಿಸಬಹುದಿತ್ತು. ಮನೆಗೆ ಇನ್ನೊಂದು ಕಟ್ಟಿಕೊಡುತ್ತೇನೆ ಎಂದೆ. "ಒಬ್ಬಳೇ ಹಾಡಿದ್ರೆ ಅದು ಭಜನೆಯಾ?" ಎಂದು ಒಳಗೆ ಹೋದಳು.

ನಾಬನ್ನು ಬಿಳಿ ಐದಕ್ಕೆ ನಿಲ್ಲಿಸಿ ಅದರ ರೆಸಿಸ್ಟೆನ್ಸ್ ಅಳೆದೆ. ಸೋಲ್ಡರ್ ಕರಗಿಸಿ ಅದನ್ನು ಕಿತ್ತೆ. ಆ ಜಾಗದಲ್ಲಿ ಅಷ್ಟೇ ಅಳತೆಯ, ತಿರುಗಿಸಲಾಗದ ರೆಸಿಸ್ಟರ್‌ಗಳನ್ನು ಜೋಡಿಸಿ ಬೆಸೆದೆ. ಸಣ್ಣ ಕೆಲಸ, ಕಲಿಯುವ ಮಕ್ಕಳೂ ಮಾಡುತ್ತಾರೆ. ನನಗೆ ಕೈ ಏಳಲು ತುಂಬಾ ಹೊತ್ತು ಹಿಡಿಯಿತು.

ಈಗ ಮಂದಿರದಲ್ಲಿ ಅದೇ ಪೆಟ್ಟಿಗೆ ನುಡಿಯುತ್ತದೆ. ನೆರೆಮನೆಯ ಸೊಸೆ ಮೊದಲ ಸಾಲು ಹೇಳುತ್ತಾಳೆ. ಅಮ್ಮ ಶುಕ್ರವಾರ ತಪ್ಪಿಸುವುದಿಲ್ಲ, ಕೂತವರ ಎರಡನೆಯ ಸಾಲಿನಲ್ಲಿ ದೊಡ್ಡಮ್ಮನ ಪಕ್ಕ ಕೂರುತ್ತಾಳೆ. ಹಾಡು ಕೆಳಗಿರುವಾಗ ಎಲ್ಲರೊಂದಿಗೆ ತಿರುಗಿ ಹೇಳುತ್ತಾಳೆ. ಮೇಲೇರುವಲ್ಲಿ ಬಾಯಿ ಮುಚ್ಚಿ ತಾಳ ಮಾತ್ರ ಹಾಕುತ್ತಾಳೆ, ಅದು ಇಳಿದು ಬರುವವರೆಗೆ.